ಡಿಂಗ್

ಮಂಗಳವಾರ ನಮ್ಮ ಪ್ರೆಸ್ಸಿಗೆ ಸೂಟಿ.
ಅವತ್ತ ಪಂಚರನ್ನ ಕರಿಸಿದ ನಮ್ಮಣ್ಣ.
ಮಷೀನಿನ ಸುತ್ತ ಐದು ಕುರ್ಚಿ,
ನನಗ ಕಾಗದದ ರಿಮ್ಮಿನ ಮ್ಯಾಲೆ ಜಾಗ.
ಹೈಡೆಲ್‌ಬರ್ಗ್ ನಡುವ ನಿಂತಿತ್ತು, ಎಣ್ಣಿ ಕುಡದು ಕರ್ರಗ,
ತನ್ನ ಸಾವಿನ ಮಾತು ತಾನ ಕೇಳಕೋತ.

"ಗುಜರಿಗೆ ಹಾಕೂನು, ಕಿಲೋದ ಲೆಕ್ಕ," ಅಂದ ಅಣ್ಣ.
"ಅಪ್ಪ ತಂದದ್ದು," ಅಂದೆ.
"ಅಪ್ಪ ಸಾಲಾನೂ ತಂದಿದ್ದ."
ಪಂಚರು ಚಾ ಕುಡದ್ರು, ಮೀಸಿ ಒರಸಿಕೊಂಡ್ರು.
"ಒಂದು ತಿಂಗಳ ಟೈಮ್.
ತಿರುಗಿದ್ರ ತಂಗೀದು, ತಿರುಗದಿದ್ರ ಗುಜರೀದು."

ಮಷೀನಿನ ಪುಸ್ತಕ ಜರ್ಮನ್‌ದಾಗ ಐತಿ.
ನಡುವಿನ ಹಾಳ್ಯಾಗ, ಚಿತ್ರದ ಒಂದು ಸಣ್ಣ ಮೂಲಿಗೆ
ಬಾಣ ಎಳದು ಯಾರೋ ಪೆನ್ಸಿಲ್‌ಲೆ ಬರದಾರ
ನಾಕ ಅಕ್ಷರ.
ತುಳಜನ್ಸಾ ಮೇರವಾಡೆ ಕಣ್ಣಿಗೆ ಹಚ್ಚಿ ಓದಿದ:
"ಡಿಂಗ್. ಗಂಟಿ ಏನ್ರಿ ಇದು?"
ಟಾರ್ಚ್ ಹಿಡದು ಇಡೀ ಮಷೀನ್ ಹುಡುಕಿದಿವಿ.
ಗಂಟಿ ಇರಲಿಲ್ಲ. ಒಂದು ಸತ್ತ ಹಲ್ಲಿ ಇತ್ತು.

ಬೆಟಗೇರಿಗೆ ಹೋದ್ವಿ, ಲಿಡಿಯಾಬಾಯಿ ಮನಿಗೆ.
ಜರ್ಮನ್ ದವಾಖಾನ್ಯಾಗ ನಲವತ್ತು ವರ್ಷ ನರ್ಸು.
ಒಣಗಿದ ಬೆರಳಲೆ ಅಕ್ಷರ ಸವರಿ ನಕ್ಕರು.
"ಡಿಂಗ್ ಅಂದ್ರ ಸಾಮಾನು. ವಸ್ತು. ಅದು."
"ಯಾವ ಸಾಮಾನ್ರಿ?"
"ಬರದವರಿಗೂ ಹೆಸರು ಗೊತ್ತಿರಲಿಕ್ಕಿಲ್ಲ."

ಆಮ್ಯಾಲೆ, ಕೇಳದನ, ಹೇಳಿದ್ರು:
"ದೊಡ್ಡ ಸಿಸ್ಟರ್ ಒಬ್ಬಾಕಿ ಇದ್ಲು. ರಾತ್ರಿ ಪಾಳೇದಾಗ
ಬ್ಯಾಂಡೇಜ್ ಸುತ್ತಕೋತ ಅಂತಿದ್ಲು,
ಭಾಳ ಹಿಂದಕ ಡಿಂಗ್ ಅಂದ್ರ ಸಾಮಾನಲ್ಲ, ಸಭಾ.
ಊರಮಂದಿ ಬಯಲಾಗ ಕೂಡತಿದ್ರಂತ,
ಕೊಲಿ, ಸೀಮಿ, ಕಳುವಾದ ದನ ಎಲ್ಲಾ ಅಲ್ಲೇ ತೀರಬೇಕು.
ಬರಬರತ, ಕೂಡಿ ಆಡಿದ ಮಾತೂ ಡಿಂಗ್ ಆತು.
ಕಡೀಕ ಮಾತಿಗೆ ಬಿದ್ದ ಮಡಿಕಿ, ಕುರಿ, ಕೊಡ್ಲಿ,
ಯಾರೂ ಕೇಳದ ಕಲ್ಲು ಸೈತ.
ಇಂಗ್ಲಿಷರ ಥಿಂಗ್ ಅದರ ತಂಗಿ.
ಉತ್ತರಕ, ಹಿಮದ ದೇಶದಾಗ, ಈಗೂ
ಪಾರ್ಲಿಮೆಂಟಿನ ಹೆಸರಾಗ ಟಿಂಗ್ ಐತಂತ.
ಜರ್ಮನರ ಮಂಗಳವಾರದಾಗೂ ಅದ ಅಡಗೇತಂತ,
ಸಭಾ ಕಾಯೋ ದೇವರ ವಾರ."

ನಾನು ತುಳಜನ್ಸಾನ ಮಾರಿ ನೋಡಿದೆ.

"ಆಕೀನ ಆಪರೇಷನ್ ಮಾಡೂ ಮುಂದ
ಹೆಸರು ಮರತು ಕೈ ಚಾಚತಿದ್ಲು: ಡಿಂಗ್ಸ್! ಡಿಂಗ್ಸ್!
ನಾ ಕತ್ರಿ ಇಡತಿದ್ದೆ. ಇಲ್ಲಾ ಚಿಮಟಾ.
ಒಮ್ಮಿನೂ ತಪ್ಪಲಿಲ್ಲ ನೋಡವಾ."
ಮತ್ತ ನನ್ನ ಹೆಸರು ಕೇಳಿದ್ರು, ಮೂರನೇ ಸಲ.

ಟಂಟಂದಾಗ ತುಳಜನ್ಸಾ ಭಾಳೊತ್ತು ಸುಮ್ಮ ಕುಂತಿದ್ದ.
"ನಮ್ಮದೂ ಹಂಗ ಅಲ್ಲೇನ್ರಿ.
ಸಂಗತಿ ಅಂದ್ರ ಸಂಗ, ಕೂಡೂದು. ಈಗ ಬರೇ ಸುದ್ದಿ.
ಪಂಚಾತಿ ಅಂದ್ರ ಐದು ಮಂದಿ.
ನಮ್ಮವ್ವ ಸ್ಟೋವ್ ಹತ್ತಲಿಲ್ಲಂದ್ರೂ
'ಏನಪಾ ಇದರ ಪಂಚಾತಿ' ಅಂತಿದ್ಲು.
ಒಬ್ಬಾಕೆ ಇದ್ಲ್ರೀ ಅಡಗಿಮನ್ಯಾಗ."

ಬಾಣ ತೋರಿಸಿದ್ದು ಏನಂತ ಇನ್ನೂ ತಿಳದಿಲ್ಲ.
ಅಲ್ಲೊಂದು ಸ್ಪ್ರಿಂಗಿನ ಗುರ್ತು ಐತಿ, ಸ್ಪ್ರಿಂಗ್ ಇಲ್ಲ.
ತುಳಜನ್ಸಾ ಸೈಕಲ್ ಬ್ರೇಕಿನದು ಕೊಯ್ದು ಹಾಕಿ ನೋಡಿದ,
ಮಗ್ಗದ್ದು ತಂದು ನೋಡಿದ,
ಒಂದು ದಿನ ತನ್ನ ಪೆನ್ನು ಬಿಚ್ಚಿದ.

ಇಪ್ಪತ್ತಾರನೇ ರಾತ್ರಿ.
ಮಷೀನಿನ ಹೊಟ್ಟ್ಯಾಗ ಹೆಗಲತನಾ ಅವ,
ಹೊರಗ ಬರೇ ಒಂದು ಕೈ, ಮಸಿ ಹತ್ತಿದ್ದು.
"ಅದು ಕೊಡ್ರಿ."
ಟ್ರೇದಾಗ ಏನಿಲ್ಲಂದ್ರೂ ನಲವತ್ತು ಸಾಮಾನು.
ಕೊಟ್ಟೆ.
ಕೈ ಒಳಗ ಹೋತು. ಬ್ಯಾರೆ ಕೇಳಲಿಲ್ಲ.

ಮಂಗಳವಾರ ಪಂಚರು ಬರತಾರ.
ಕುರ್ಚಿ ಒರಸಿ ಇಟ್ಟೇನಿ, ಐದು,
ಮತ್ತ ಮಷೀನಿನ ಎದುರಿಗೆ ಒಂದು ಸ್ಟೂಲು.